ಸ್ಕ್ಯಾನ್ ಮಾಡಿಸಿದಿರಿ, ಸಂತೋಷ. ಹೆಸರು ಬರೆಯುವವರು ಯಾರು?

ನಮ್ಮ ಬಂಧುವರ್ಗದಲ್ಲಿಯೂ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಈಚಿನ ವರ್ಷಗಳಲ್ಲಿ ಒಂದು ಉತ್ಸಾಹ ಹಬ್ಬಿದೆ. ಅಟ್ಟದ ಮೇಲಿನ ಟ್ರಂಕುಗಳಿಂದ ಹಳೆಯ ಭಾವಚಿತ್ರಗಳನ್ನು ಇಳಿಸಿ, ಧೂಳು ಕೊಡವಿ, ಸ್ಕ್ಯಾನ್ ಮಾಡಿಸಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುತ್ತಿದ್ದಾರೆ. ಇದು ಮೆಚ್ಚತಕ್ಕ ಕೆಲಸವೇ. ಆದರೆ ಚಿತ್ರದ ಕೆಳಗೆ ಬರೆದಿರುವುದೇನು? ‘ಸವಿನೆನಪು’, ‘ಓಲ್ಡ್ ಈಸ್ ಗೋಲ್ಡ್’, ಹೆಚ್ಚೆಂದರೆ ಕೈಮುಗಿದ ಎರಡು ಚಿಹ್ನೆಗಳು. ಯಾರು, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿಲ್ಲ. ಆಯುಷ್ಯದ ಬಹುಭಾಗವನ್ನು ಉತ್ತರಪತ್ರಿಕೆ ತಿದ್ದುವುದರಲ್ಲಿಯೇ ಕಳೆದ ನಾನು ಇಂತಹ ಉತ್ತರಕ್ಕೆ ಅಂಕ ಕೊಡಲಾರೆ.

‘ಚಿತ್ರವೇ ಸಾವಿರ ಮಾತು ಹೇಳುತ್ತದಲ್ಲ ಸಾರ್’ ಎಂದು ಒಬ್ಬ ಶಿಷ್ಯ ವಾದಿಸಿದ. ಇಲ್ಲಪ್ಪ, ಹೇಳುವುದಿಲ್ಲ. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಕೂಲಿ ಹೆಂಗಸೊಬ್ಬಳ ಚಿತ್ರ ತೆಗೆದಳು. ಕೆನ್ನೆಗೆ ಕೈಯಾನಿಸಿ ಕುಳಿತ ಆ ತಾಯಿಯನ್ನು ಜಗತ್ತೆಲ್ಲ ನೋಡಿತು. ಆಕೆ ಬಟಾಣಿ ಕೀಳುವ ಬಡವಳು, ಏಳು ಮಕ್ಕಳ ತಾಯಿ, ಮೂವತ್ತೆರಡು ವಯಸ್ಸಿನವಳು ಎಂದು ಅಡಿಬರಹ ತಿಳಿಸುತ್ತಿತ್ತು. ಹೆಸರು ಮಾತ್ರ ಅದರಲ್ಲಿ ಇರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಚೆರೊಕೀ ಎಂಬ ಮೂಲನಿವಾಸಿ ಜನಾಂಗದ ಮಗಳೆಂಬುದೂ ಆ ಬಳಿಕವೇ ಬೆಳಕಿಗೆ ಬಂತು. ತನ್ನ ಹೆಸರನ್ನೂ ಕೇಳದೆ ಚಿತ್ರ ತೆಗೆದರಲ್ಲ ಎಂಬ ನೋವು ಆಕೆಗಿತ್ತು. ಚಿತ್ರ ಸಾವಿರ ಮಾತು ಹೇಳಿದ್ದರೆ ಆ ಒಂದು ಹೆಸರನ್ನು ಹೇಳಲು ನಲವತ್ತೆರಡು ವರ್ಷ ಏಕೆ ಬೇಕಾಯಿತು?

ನಮ್ಮ ದೇಶದ ಉದಾಹರಣೆ ಇನ್ನೂ ಕಹಿಯಾದದ್ದು. ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ಕೇ ಎಂಬ ಇಬ್ಬರು ಅಧಿಕಾರಿಗಳು 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳನ್ನು ಹೊರತಂದರು. ಅದರಲ್ಲಿ ನಾನೂರಕ್ಕೂ ಹೆಚ್ಚು ಚಿತ್ರಗಳಿವೆ. ಅಲ್ಲಿನ ಬಹುಪಾಲು ಮನುಷ್ಯರಿಗೆ ಹೆಸರಿಲ್ಲ. ಜಾತಿಯ ಹೆಸರು, ಊರಿನ ಹೆಸರು, ಕೆಲವೆಡೆ ಇಡೀ ಸಮುದಾಯದ ಗುಣಾವಗುಣಗಳ ಬಗೆಗೆ ಆಳುವವರ ತೀರ್ಪು, ಇಷ್ಟೇ. ಕ್ಯಾಮೆರಾದ ಮುಂದೆ ನಿಂತವನು ಯಾರದೋ ಅಪ್ಪ, ಯಾರದೋ ಅಣ್ಣ. ಅಡಿಬರಹ ಅವನನ್ನು ಒಂದು ಮಾದರಿಯನ್ನಾಗಿ ಮಾಡಿಬಿಟ್ಟಿತು.

ಆಳಿದವರನ್ನು ದೂರುವುದು ಸುಲಭ. ನಮ್ಮ ಶಾಲೆಗಳ ಗುಂಪು ಭಾವಚಿತ್ರಗಳನ್ನು ನೋಡೋಣ. ‘ಕುಳಿತವರು, ಎಡದಿಂದ ಬಲಕ್ಕೆ’ ಎಂದು ಶುರುವಾಗುತ್ತದೆ. ಮುಖ್ಯೋಪಾಧ್ಯಾಯರ ಹೆಸರು ಪದವಿಗಳ ಸಮೇತ ಇರುತ್ತದೆ, ಉಪಾಧ್ಯಾಯರ ಹೆಸರುಗಳಿರುತ್ತವೆ, ನಿಂತ ಹುಡುಗರ ಹೆಸರೂ ಇರುತ್ತದೆ. ಅಂಚಿನಲ್ಲಿ ಖಾಕಿ ತೊಟ್ಟು ಸೆಟೆದು ನಿಂತವನು ಮಾತ್ರ ‘ಜವಾನ’. ಗಂಟೆ ಹೊಡೆದವನು, ನಮಗೆಲ್ಲ ನೀರು ಸೇದಿಕೊಟ್ಟವನು, ಮಳೆಗಾಲದಲ್ಲಿ ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿದವನು ಅವನೇ. ಶಾಲೆಯೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಅಂತಹ ಚಿತ್ರ ಕೊಡುವಾಗ ಅವನ ಹೆಸರನ್ನೂ ಬರೆದುಕೊಟ್ಟಿದ್ದೆ. ‘ಸ್ಥಳಾಭಾವ’ ಎಂದು ಅದನ್ನು ಕೈಬಿಟ್ಟರು. ಅದೇ ಪುಟದಲ್ಲಿ ದಾನಿಗಳ ಬಿರುದಾವಳಿಗೆ ಸ್ಥಳವಿತ್ತು.

ಮನೆಯ ಆಲ್ಬಮ್ಮುಗಳ ಕಥೆಯೂ ಬೇರೆಯಲ್ಲ. ‘ರಾಯರು ಸಕುಟುಂಬ’ ಎಂದು ಬರೆದಿರುತ್ತದೆ. ಆ ‘ಕುಟುಂಬ’ಕ್ಕೆ ತವರಿನವರು ಇಟ್ಟ ಹೆಸರೊಂದು ಇತ್ತಲ್ಲವೇ? ಮದುವೆಯಾದಾಗ ಹೆಸರು ಬದಲಿಸಿದ್ದರೆ ಎರಡನ್ನೂ ಬರೆಯಬೇಕು. ಚೊಚ್ಚಲ ಬಾಣಂತನದಲ್ಲಿ ತೀರಿಕೊಂಡ ಎಷ್ಟೋ ಹೆಣ್ಣುಮಕ್ಕಳಿಗೆ ಆ ಒಂದು ಚಿತ್ರವಲ್ಲದೆ ಬೇರೆ ಗುರುತೇ ಉಳಿದಿಲ್ಲ.

‘ಎಲ್ಲವೂ ಕಂಪ್ಯೂಟರಿನಲ್ಲಿ ಭದ್ರವಾಗಿದೆ’ ಎಂಬ ಸಮಾಧಾನವನ್ನೂ ನಾನು ಒಪ್ಪೆ. ವಾಟ್ಸ್ಆ್ಯಪಿನಲ್ಲಿ ಬಂದ ಚಿತ್ರ ಫೋನಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಅದು ಬಂದ ದಿನಾಂಕದ ಹೆಸರಿನಲ್ಲಿ. 1962ರ ಮದುವೆಯ ಚಿತ್ರಕ್ಕೆ 2019ರ ದಿನಾಂಕ! ಚಿತ್ರದೊಂದಿಗೆ ಕಳಿಸಿದ ಸಂದೇಶ ಫೈಲಿನೊಳಗೆ ಸೇರುವುದಿಲ್ಲ; ಮುಂದಿನ ಕೈಗೆ ಬರಿಯ ಮುಖಗಳು ದಾಟುತ್ತವೆ. ಅಂಗಡಿಯಲ್ಲಿ ಸ್ಕ್ಯಾನ್ ಮಾಡುವವರು ಚಿತ್ರದ ಮುಂಭಾಗವನ್ನಷ್ಟೇ ತೆಗೆಯುತ್ತಾರೆ. ಅಜ್ಜ ಹಿಂಬದಿಯಲ್ಲಿ ಶಾಯಿಯಿಂದ ಬರೆದ ಊರು, ತಿಥಿ, ಸ್ಟುಡಿಯೋದ ಮುದ್ರೆ ಎಲ್ಲವೂ ಟ್ರಂಕಿಗೆ ಮರಳುತ್ತವೆ, ಅಥವಾ ರದ್ದಿಗೆ ಹೋಗುತ್ತವೆ.

ಈಗ ಯಂತ್ರವೇ ಚಿತ್ರ ನೋಡಿ ವಿವರಣೆ ಬರೆಯುತ್ತದೆ, ಚಿಂತೆ ಬೇಡ ಎನ್ನುವವರೂ ಇದ್ದಾರೆ. ‘ಪೇಟ ಧರಿಸಿದ ವೃದ್ಧ ಮತ್ತು ಸೀರೆಯುಟ್ಟ ಮಹಿಳೆ’ ಎಂದು ಅದು ಬರೆದೀತು. ವಾಟ್ಸನ್ ಸಾಹೇಬರ ಸಂಪುಟಗಳೂ ಹೆಚ್ಚುಕಡಿಮೆ ಇದನ್ನೇ ಮಾಡಿದ್ದವು. ಆ ವೃದ್ಧ ನಿನ್ನ ಮುತ್ತಜ್ಜನೆಂಬುದು ನಿನ್ನ ಸೋದರತ್ತೆಗೆ ಗೊತ್ತು. ಅತ್ತೆಗೆ ಈಗ ಎಂಬತ್ತೇಳು.

ಅಂದಮೇಲೆ ಮಾಡಬೇಕಾದುದೇನು? ಚಿತ್ರದ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿಸಿ. ಎಡದಿಂದ ಬಲಕ್ಕೆ, ಸಾಲುಸಾಲಾಗಿ, ಮಡಿಲ ಕೂಸಿನಿಂದ ಅಂಚಿನ ಆಳಿನವರೆಗೆ ಎಲ್ಲರ ಹೆಸರು ಬರೆಯಿರಿ. ತಿಳಿಯದಿದ್ದರೆ ‘ಹೆಸರು ತಿಳಿದಿಲ್ಲ’ ಎಂದೇ ಬರೆಯಿರಿ. ಮುಂದೆ ಬಲ್ಲವರು ತುಂಬಿಯಾರು. ಊಹೆಯಾದರೆ ‘ಬಹುಶಃ’ ಎನ್ನಿ; ಹೇಳಿದವರು ಯಾರು, ಯಾವ ವರ್ಷ ಹೇಳಿದರು ಎಂಬುದನ್ನೂ ಸೇರಿಸಿ. ಹಳೆಯ ಬರಹ ತಪ್ಪಾಗಿದ್ದರೂ, ಅವಮಾನಕರವಾಗಿದ್ದರೂ ಅಳಿಸಬೇಡಿ: ಅದನ್ನು ಹಾಗೆಯೇ ನಕಲು ಮಾಡಿ, ತಿದ್ದುಪಡಿಯನ್ನು ಪಕ್ಕದಲ್ಲಿ ಬರೆಯಿರಿ. ಕನ್ನಡದಲ್ಲಿಯೇ ಬರೆಯಿರಿ, ಯೂನಿಕೋಡಿನಲ್ಲಿ ಬರೆಯಿರಿ. ಹಳೆಯ ಫಾಂಟುಗಳಲ್ಲಿ ನಾವು ಬೆರಳಚ್ಚಿಸಿದ್ದೆಲ್ಲ ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಿದ್ದಿರುವುದನ್ನು ನೀವೂ ಕಂಡಿದ್ದೀರಿ.

ಹೆಸರುಗಳ ಜೊತೆಗೆ ಎರಡು ವಾಕ್ಯಗಳ ವಿವರಣೆಯೂ ಇರಲಿ: ಎಂತಹ ಜಗಲಿ, ಯಾರ ಕೈಯಲ್ಲಿ ಏನಿದೆ, ಯಾರು ನಗುತ್ತಿದ್ದಾರೆ. ದೃಷ್ಟಿಯಿಲ್ಲದ ಶಿಷ್ಯನೊಬ್ಬ ನನಗಿದ್ದಾನೆ. ಅವನ ಕಂಪ್ಯೂಟರು ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುತ್ತದೆ. ನೀವು ಕಳಿಸಿದ ‘ಸವಿನೆನಪು’ ಎಂಬ ಒಂದೇ ಪದದಿಂದ ತನ್ನ ತರಗತಿಯ ಚಿತ್ರವನ್ನು ಅವನು ಕಾಣುವುದು ಹೇಗೆ?

ಇಷ್ಟೆಲ್ಲಕ್ಕೆ ಪುರುಸೊತ್ತೆಲ್ಲಿ ಎನ್ನಬೇಡಿ. 2008ರ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸುಮಾರು 3,000 ಹಳೆಯ ಚಿತ್ರಗಳನ್ನು ಫ್ಲಿಕರ್ ತಾಣದಲ್ಲಿಟ್ಟು ಜನರ ನೆರವು ಕೋರಿತು. ಸಾಮಾನ್ಯ ಓದುಗರು ಸ್ಥಳ, ವ್ಯಕ್ತಿ, ಸಂದರ್ಭಗಳನ್ನು ಗುರುತಿಸಿ ಬರೆದರು. ಪರಿಶೀಲಿಸಿದ ಬಳಿಕ ಆ ತಿದ್ದುಪಡಿಗಳು ಗ್ರಂಥಾಲಯದ ಸೂಚಿಯನ್ನೇ ಸೇರಿದವು. ಅಷ್ಟು ದೊಡ್ಡ ಸಂಸ್ಥೆ ಜನರನ್ನು ಕೇಳಲು ಸಂಕೋಚಪಡಲಿಲ್ಲ. ನಮಗೆ ನಮ್ಮ ಅತ್ತೆಯನ್ನು ಕೇಳಲು ಏನು ಅಡ್ಡಿ?

ಬರುವ ದೀಪಾವಳಿಗೆ ಊರಿಗೆ ಹೋಗುವವರು ಒಂದು ಆಲ್ಬಮ್ಮನ್ನು ಹಿರಿಯರ ಮಡಿಲಲ್ಲಿಟ್ಟು, ಪಕ್ಕದಲ್ಲಿ ನೋಟುಪುಸ್ತಕ ಹಿಡಿದು ಕುಳಿತುಕೊಳ್ಳಿ. ನನಗೆ ಚಿತ್ರ ಕಳಿಸುವವರು ಹೆಸರುಗಳನ್ನು ಬರೆದೇ ಕಳಿಸತಕ್ಕದ್ದು. ಹಿಂದೆ ಹೆಸರಿಲ್ಲದ ಉತ್ತರಪತ್ರಿಕೆಯನ್ನು ವಾಪಸು ಕೊಡುತ್ತಿದ್ದೆನೆಂಬುದು ನಿಮಗೆ ನೆನಪಿರಬಹುದು.