ಚೀಟಿ ಇಲ್ಲ, ಬಿಲ್ಲೂ ಇಲ್ಲ

ಪುಣೆ ಜಿಲ್ಲೆಯ ದೌಂಡದ ಮೆಡಿಕಲ್ ಅಂಗಡಿಗಳಲ್ಲಿ ಒಂದು ನಮೂನೆಯ ಗಿರಾಕಿಯನ್ನು ದೂರದಿಂದಲೇ ಗುರುತಿಸಬಹುದು. ಉಳಿದವರೆಲ್ಲ ನುಗ್ಗಿದರೆ ಈತ ಅಂಗಡಿ ಖಾಲಿಯಾಗಲೆಂದು ಕಾಯುತ್ತಾನೆ. ಕೊನೆಗೆ ಕೌಂಟರಿಗೆ ಬಾಗಿ, "ಭಾವೂ, ಖಾಜ್ ಕಾ ಟ್ಯೂಬ್" ಅನ್ನುತ್ತಾನೆ. ಎಲ್ಲಿ ತುರಿಕೆ ಎಂದು ಅಂಗಡಿಯವ ಕೇಳುವುದಿಲ್ಲ. ಪೇಪರಿನಲ್ಲಿ ಸುತ್ತಿದ ಟ್ಯೂಬು ಕೈ ಬದಲಾಗುತ್ತದೆ.

ಈತ ಕಲಬುರಗಿ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದ ಗಾರೆ ಕೆಲಸದವನಿರಬಹುದು, ಕಬ್ಬು ಕಡಿಯುವವನಿರಬಹುದು, ಲಾರಿ ಡ್ರೈವರ್ ಇರಬಹುದು. ದಿನವಿಡೀ ಬೆವರು, ಬಿಗಿ ಜೀನ್ಸು, ಸ್ನಾನಕ್ಕೆ ನೀರಿನ ಬರ. ತೊಡೆಸಂದಿಗೆ ಹುಳುಕಡ್ಡಿ ಬರಲು ಇನ್ನೇನು ಬೇಕು?

ಆ ಟ್ಯೂಬಿನ ಹಿಂಬದಿ ಓದಿ ನೋಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ಟರ್ಬಿನಾಫಿನ್, ಆಫ್ಲಾಕ್ಸಾಸಿನ್, ಆರ್ನಿಡಜೋಲ್, ಜೊತೆಗೆ ಕ್ಲೋಬೆಟಸಾಲ್. ಕೊನೆಯದು ಹಚ್ಚುವ ಸ್ಟೀರಾಯ್ಡುಗಳಲ್ಲೇ ಬಲು ಜೋರಿನದು. ಎರಡೇ ದಿನದಲ್ಲಿ ಉರಿ, ಕೆಂಪು ಎಲ್ಲ ಮಾಯ. ಆದರೆ ಹುಳುಕಡ್ಡಿ ತರುವ ಶಿಲೀಂಧ್ರ ಸಾಯುವುದಿಲ್ಲ; ಅದನ್ನು ತಡೆಯುತ್ತಿದ್ದ ದೇಹದ ಕಾವಲೇ ಮಲಗುತ್ತದೆ. ಹಚ್ಚುವುದು ಬಿಟ್ಟರೆ ಮತ್ತೆ ಬರುತ್ತದೆ, ಈ ಸಲ ಹೊಟ್ಟೆಯವರೆಗೆ. ಸಂದಿಯ ಚರ್ಮ ಮೊದಲೇ ತೆಳು. ವೃಷಣದ ಚರ್ಮವು ಹೈಡ್ರೊಕಾರ್ಟಿಸೋನನ್ನು ಮುಂಗೈಗಿಂತ ಸುಮಾರು 42 ಪಟ್ಟು ಹೆಚ್ಚು ಹೀರುತ್ತದೆ ಎಂದು 1967ರಲ್ಲೇ ಅಳೆದು ತೋರಿಸಿದ್ದಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಸವೆದು, ಗೆರೆಗೆರೆಯಾಗಿ ಸೀಳಿ, ಹುಣ್ಣೇ ಆಗುತ್ತದೆ. ಆಗ ಈತನ ಪ್ರಶ್ನೆ: "ಇದು ಯಾಕೆ ಬಂತು?"

ಸ್ಟೀರಾಯ್ಡ್ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಕಡ್ಡಾಯ. ಕಾನೂನು ಗೆಜೆಟ್‌ನಲ್ಲಿ ಕ್ಷೇಮವಾಗಿದೆ. ಇತ್ತ ಟರ್ಬಿನಾಫಿನ್‌ಗೂ ಜಗ್ಗದ ಶಿಲೀಂಧ್ರವೊಂದು ನಮ್ಮಲ್ಲಿ ಹಬ್ಬಿದ್ದು, 2020ರಲ್ಲಿ ಅದಕ್ಕೆ ನಮ್ಮ ದೇಶದ ಹೆಸರನ್ನೇ ಸೇರಿಸಿ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂದು ನಾಮಕರಣ ಮಾಡಿದ್ದಾರೆ. ಇಂಥ ಕೀರ್ತಿ ಯಾರಿಗೆ ಬೇಕಿತ್ತು!

ಆ ಜಾಗದ ಎಲ್ಲ ಹುಣ್ಣೂ ಹುಳುಕಡ್ಡಿಯಲ್ಲ ಎಂಬುದು ಇನ್ನೂ ದೊಡ್ಡ ತಲೆನೋವು. ನೋವಿಲ್ಲದ ಒಂದೇ ಗಟ್ಟಿ ಹುಣ್ಣು ಸಿಫಿಲಿಸ್ ಇರಬಹುದು. ಅದು ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ, ಕಾಯಿಲೆ ಮಾತ್ರ ರಕ್ತದಲ್ಲಿ ಉಳಿಯುತ್ತದೆ. ಟ್ಯೂಬು ಹಚ್ಚಿದವನಿಗೆ ಟ್ಯೂಬಿನಿಂದಲೇ ವಾಸಿಯಾಯಿತೆಂಬ ಸಮಾಧಾನ. ಉರಿಯುವ ಗುಳ್ಳೆಗಳ ಗೊಂಚಲು ಪದೇಪದೇ ಎದ್ದರೆ ಹರ್ಪಿಸ್ ಅನುಮಾನ. ಕುರುಗಳು ಮತ್ತೆ ಮತ್ತೆ ಎದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಬೇಕು. ಕಣ್ಣಳತೆಯಲ್ಲಿ ಹೇಳುವ ಸಂಗತಿಯಲ್ಲ ಇದು.

ಸರ್ಕಾರಿ ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ಸೋಂಕುಗಳಿಗೆಂದೇ ಬಣ್ಣಬಣ್ಣದ ಔಷಧಿ ಕಿಟ್‌ಗಳಿವೆ, ಪುಕ್ಕಟೆ. ಸಿಫಿಲಿಸ್‌ನಂಥ ಹುಣ್ಣಿಗೆ ಬಿಳಿಯದು, ಹರ್ಪಿಸ್‌ಗೆ ಕೆಂಪಿನದು. ಮೊದಲ ಹಂತದ ಸಿಫಿಲಿಸ್‌ಗೆ ಪೆನಿಸಿಲಿನ್ ಇಂಜೆಕ್ಷನ್ ಒಂದೇ ಸಲ ಸಾಕು. ದೌಂಡದಿಂದ ಹೊರಟು ಪುಣೆ ಸ್ಟೇಷನ್ನಿನಲ್ಲಿ ಇಳಿದರೆ ಸಸೂನ್ ಆಸ್ಪತ್ರೆಗೆ ನಡೆದೇ ಹೋಗಬಹುದು. ಫೋನಿನಲ್ಲಿ ಕೇಳುವುದಾದರೆ ಸರ್ಕಾರಿ ಸಹಾಯವಾಣಿ 1097, ಪುಕ್ಕಟೆ ಕರೆ. ಈ ನಂಬರು ಎಷ್ಟು ಜನರಿಗೆ ಗೊತ್ತು? ಹಳಿ ಪಕ್ಕದ ಗೋಡೆಗಳ ಮೇಲಿನ "ಗುಪ್ತರೋಗ" ವೈದ್ಯರ ಮೊಬೈಲ್ ನಂಬರು ಮಾತ್ರ ಓಡುವ ರೈಲಿನಿಂದಲೂ ಸ್ಪಷ್ಟವಾಗಿ ಕಾಣುತ್ತದೆ.

ಔಷಧ ಆಡಳಿತದವರಿಗೆ ಒಂದು ವಿನಂತಿ. ತಪಾಸಣೆಗೆ ಜೀಪಿನಲ್ಲಿ ಬರಬೇಡಿ. ಸಂಜೆ ಏಳರ ಹೊತ್ತಿಗೆ ಗಿರಾಕಿಯಾಗಿ ಬಂದು, ಅಂಗಡಿ ಖಾಲಿಯಾಗುವವರೆಗೆ ಕಾದು, ಒಂದು ಟ್ಯೂಬು ಕೇಳಿ. ಜೊತೆಗೆ ಬಿಲ್ಲನ್ನೂ ಕೇಳಿ.