ದರ್ಪಣ ಸುಂದರಿಯೂ ಕಂಪವಾತದ ಗುಳಿಗೆಯೂ

ಕಳೆದ ಕಾರ್ತಿಕದಲ್ಲಿ ಬೇಲೂರಿಗೆ ಹೊರಟಿದ್ದ ನಾವು ಅರಸೀಕೆರೆಯ ಸಮೀಪದ ಹಳ್ಳಿಯೊಂದರಲ್ಲಿ, ಬಹುಕಾಲದ ಪರಿಚಿತರಾದ ಹಿರಿಯರ ಮನೆಯಲ್ಲಿ ತಂಗಿದ್ದೆವು. ತೆಂಗಿನ ತೋಟವನ್ನೇ ನಂಬಿದ ಮನೆತನ. ಪ್ರಾತಃಕಾಲ ಅವರು ಪೂಜೆಗೆ ಕುಳಿತಾಗ ಕಂಡ ನೋಟ ನಮ್ಮ ಮನಸ್ಸನ್ನು ಕಲಕಿತು. ಇಷ್ಟಲಿಂಗವನ್ನಿರಿಸಿದ ಎಡಗೈ ಎಡೆಬಿಡದೆ ನಡುಗುತ್ತಿತ್ತು. ಮಗನು ತನ್ನ ಅಂಗೈಯನ್ನು ತಂದೆಯ ಕೈಯ ಕೆಳಗೆ ಆಸರೆಯಾಗಿ ಹಿಡಿದಿದ್ದನು.

ಅದು ಕಂಪವಾತ. ವೈದ್ಯರು ಕೊಟ್ಟ ಗುಳಿಗೆಯಿಂದ ನಡುಕ ತಗ್ಗಿತ್ತಂತೆ. ಆದರೆ ಯಾರದೋ ಮಾತು ಕೇಳಿ ಹಿರಿಯರು ಅದನ್ನು ಬಿಡುತ್ತ ಬಂದಿದ್ದರು. “ಶಾಸ್ತ್ರಿಗಳೇ, ಅದು ಕಾರ್ಖಾನೆಯ ರಸಾಯನ. ಬೇಲಿಯಲ್ಲಿ ಬೆಳೆಯುವ ನಸುಗುನ್ನಿ ಬೀಜವೇ ಸಾಲದೇ?” ಎಂದು ಕೇಳಿದರು.

ಪ್ರಶ್ನೆ ತಳ್ಳಿಹಾಕುವಂಥದಲ್ಲ. ನಮ್ಮ ಆಯುರ್ವೇದಕ್ಕೆ ನಸುಗುನ್ನಿ ಪುರಾತನ ಪರಿಚಯದ್ದು. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಆ ಬೀಜದಿಂದ ಎಲ್-ಡೋಪಾ ಎಂಬ ವಸ್ತುವನ್ನು ಬೇರ್ಪಡಿಸಿದರು. ಗುಳಿಗೆಯಲ್ಲಿರುವುದೂ ಅದೇ ವಸ್ತು. ಅದು ಮಿದುಳನ್ನು ಸೇರಿ ಡೋಪಮೀನ್ ಆಗಿ ಮಾರ್ಪಟ್ಟು, ರೋಗದಿಂದಾದ ಕೊರತೆಯನ್ನು ತುಂಬುತ್ತದೆ. ಹಾಗಿದ್ದ ಮೇಲೆ ಕಾರ್ಖಾನೆ ಏತಕ್ಕೆ?

ಉತ್ತರವನ್ನು ಆಲೋಚಿಸುತ್ತಲೇ ನಾವು ಬೇಲೂರನ್ನು ತಲುಪಿ, ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವಾಲಯದ ದರ್ಪಣ ಸುಂದರಿಯೆದುರು ನಿಂತೆವು. ಕನ್ನಡಿಯಲ್ಲಿ ಮುಖವೇನೋ ಅದೇ. ಆದರೆ ಎಡವು ಬಲವಾಗಿ ತೋರುತ್ತದೆ. ಎಷ್ಟೋ ಅಣುಗಳಿಗೂ ಇಂಥ ಕನ್ನಡಿಯ ಜೋಡಿಯುಂಟು. ಧಾತುಗಳೂ ಅವುಗಳ ಸಂಖ್ಯೆಯೂ ಒಂದೇ ಆಗಿದ್ದರೂ, ಎಡಗಾಲಿನ ಪಾದರಕ್ಷೆ ಬಲಗಾಲಿಗೆ ಹೊಂದದಂತೆ ಒಂದು ಮತ್ತೊಂದರ ಸ್ಥಾನಕ್ಕೆ ಹೊಂದದು. ಬೀಜದಲ್ಲಿ ನಿಸರ್ಗವು ಒಂದೇ ಬಗೆಯ ಡೋಪಾವನ್ನು ಮಾಡುತ್ತದೆ. ಸಾಮಾನ್ಯ ರಾಸಾಯನಿಕ ವಿಧಾನದಲ್ಲಾದರೋ ಎರಡೂ ಸಮಸಮವಾಗಿ ಹುಟ್ಟುತ್ತವೆ. 1967ರಲ್ಲಿ ಅಮೆರಿಕದ ವೈದ್ಯ ಕೋಟ್ಜಿಯಾಸ್ ಅಂಥ ಮಿಶ್ರಣವನ್ನೇ ರೋಗಿಗಳಿಗೆ ಕೊಟ್ಟು ಗುಣ ಕಂಡರು. ಆದರೆ ಕೆಲವರ ರಕ್ತದ ಬಿಳಿಕಣಗಳಲ್ಲಿ ದೋಷ ತೋರಿತು. ಆದುದರಿಂದ ಅವರು ಎಲ್-ಡೋಪಾ ಒಂದನ್ನೇ ಕೊಡತೊಡಗಿದರು.

ಅದೊಂದನ್ನೇ ಹೇರಳವಾಗಿ ತಯಾರಿಸುವ ಬಗೆಯನ್ನು ಕಂಡವರು ಅಮೆರಿಕದ ಮೊನ್ಸಾಂಟೋ ಸಂಸ್ಥೆಯ ರಸಾಯನಶಾಸ್ತ್ರಜ್ಞ ವಿಲಿಯಂ ನೋಲ್ಸ್. ಇಂಗ್ಲೆಂಡಿನ ವಿಲ್ಕಿನ್ಸನ್ ರೂಪಿಸಿದ್ದ ರೋಡಿಯಂ ಎಂಬ ಲೋಹದ ಸಂಕೀರ್ಣವೊಂದನ್ನು ಅವರು ಮಾರ್ಪಡಿಸಿದರು. ಲೋಹ ಸಂಕೀರ್ಣವೆಂದರೆ, ನಡುವೆ ಲೋಹದ ಪರಮಾಣು, ಸುತ್ತಲೂ ಅದನ್ನು ತಬ್ಬಿದ ಇತರ ಅಣುಗಳು. ನೋಲ್ಸರು ಹಾಗೆ ತಬ್ಬುವ ರಂಜಕದ ಸಂಯುಕ್ತವನ್ನೇ ಒಂದೇ ಕೈಯದನ್ನಾಗಿ ಆರಿಸಿದರು. ಆಗ ಜಲಜನಕವು ಬಹುಪಾಲು ಒಂದೇ ಪಕ್ಕದಿಂದ ಸೇರಿ, ನೂರಕ್ಕೆ ಸುಮಾರು 97 ಅಣುಗಳು ಬೇಕಾದ ಬಗೆಯವಾದವು. ಸಂಕೀರ್ಣವು ಮಾತ್ರ ವೆಚ್ಚವಾಗದೆ ಮುಂದಿನ ಅಣುವಿಗೆ ಅಣಿಯಾಗುತ್ತದೆ; ಒಂದೇ ಅಚ್ಚಿನಿಂದ ಅದೆಷ್ಟೋ ಬೆಲ್ಲದಚ್ಚುಗಳು ಬರುವುದಿಲ್ಲವೇ? ಇದನ್ನೇ ಕ್ರಿಯಾವರ್ಧಕವೆನ್ನುವರು. 2001ರಲ್ಲಿ ನೋಲ್ಸರು ಜಪಾನಿನ ನೊಯೋರಿ ಹಾಗೂ ಅಮೆರಿಕದ ಶಾರ್ಪ್‌ಲೆಸ್ ಅವರೊಡನೆ ನೊಬೆಲ್ ಪಾರಿತೋಷಕ ಪಡೆದರು. ಲೋಹವು ಜಲಜನಕದ ಅಣುವನ್ನು ಹಿಡಿಯುವ ಬಗೆಯನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಾಲಾಜಿ ಜಾಗೀರ್ದಾರ್ ಅವರು ರುಥೇನಿಯಂ ಸಂಕೀರ್ಣಗಳ ಮೂಲಕ ಶೋಧಿಸಿದ್ದಾರೆ.

ಹಳೇಬೀಡನ್ನೂ ನೋಡಿಕೊಂಡು ಸಂಜೆ ಮರಳಿದಾಗ ಹಿರಿಯರಿಗೆ ಇಷ್ಟನ್ನು ಅರುಹಿದೆವು: ಬೀಜದ್ದು ದೈವದತ್ತ, ಗುಳಿಗೆಯದು ಕೃತಕವೆಂಬ ಭೇದ ಅಣುವಿಗಿಲ್ಲ. ಭೇದವಿರುವುದು ಪ್ರಮಾಣದಲ್ಲಿ. ಬೀಜದಿಂದ ಬೀಜಕ್ಕೆ ಡೋಪಾದ ಅಂಶ ಏರಿಳಿಯುತ್ತದೆ; ಗುಳಿಗೆಯಲ್ಲಿ ಅದು ಅಳೆದದ್ದು. ಔಷಧವು ಮಿದುಳನ್ನು ಸೇರುವ ಮುನ್ನವೇ ವ್ಯರ್ಥವಾಗದಂತೆ ಕಾರ್ಬಿಡೋಪಾ ಎಂಬ ಮತ್ತೊಂದನ್ನೂ ಅದರೊಡನೆ ಬೆರೆಸಿರುತ್ತಾರೆ. ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಮೈ ಸೆಟೆದು ತೀವ್ರ ಜ್ವರ ಬರುವುದುಂಟು. ವೈದ್ಯರಿಗೆ ತಿಳಿಸದೆ ಗುಳಿಗೆಯೊಡನೆ ನಸುಗುನ್ನಿಯನ್ನು ಸೇವಿಸಿದರೆ ಪ್ರಮಾಣ ಮಿತಿಮೀರುವುದುಂಟು. ಇಂಥ ರೋಗಿಗಳಿರುವ ಮನೆಯವರು ಇದನ್ನು ಮನಗಾಣಬೇಕು.

ಗುಳಿಗೆ ರೋಗವನ್ನು ನಿರ್ಮೂಲ ಮಾಡದು. ನಡುಕವನ್ನು ಕೆಲವು ತಾಸು ತಡೆಯುತ್ತದೆ, ಅಷ್ಟೇ. ಹಿರಿಯರು ಮರುದಿನವೇ ಮಗನೊಡನೆ ವೈದ್ಯರಲ್ಲಿಗೆ ಹೋದರು. ಈಗ ಗುಳಿಗೆಯ ವೇಳೆಯನ್ನು ಪೂಜೆಯ ವೇಳೆಗೆ ಹೊಂದಿಸಿಕೊಂಡಿದ್ದಾರೆಂದು ಮಗನ ಪತ್ರ ಬಂದಿದೆ. ಅವನ ಅಂಗೈ ಇಂದಿಗೂ ತಂದೆಯ ಕೈಯ ಕೆಳಗೇ ಇರುತ್ತದೆ; ಆದರೆ ತಗಲದೆ, ತುಸು ದೂರದಲ್ಲಿ.