ಭದ್ರಾವತಿ ಖಾಲಿ ಆಗ್ತಾ ಇದೆಯಾ?

"ಊರು ಖಾಲಿ ಆಯ್ತು ಕಣ್ರೀ" ಅನ್ನೋ ಮಾತು ಭದ್ರಾವತಿಯ ಅಂಗಡಿ ಸಾಲಿಗೆ ಹೊಸದಲ್ಲ. ಕಾರ್ಖಾನೆಯಲ್ಲಿ ಒಂದು ಕುಲುಮೆ ತಣ್ಣಗಾದರೂ ಇದೇ ಮಾತು, ಸಂಬಳ ನಾಲ್ಕು ದಿನ ತಡವಾದರೂ ಇದೇ ಮಾತು. ಆದರೆ ಈಗ ಇದನ್ನು ಬರೀ ಗೊಣಗಾಟ ಅಂತ ತಳ್ಳಿಹಾಕುವ ಹಾಗಿಲ್ಲ.

ಜನಗಣತಿ ಲೆಕ್ಕವನ್ನೇ ನೋಡಿ. 2001ರಲ್ಲಿ ಭದ್ರಾವತಿ ನಗರದ ಜನಸಂಖ್ಯೆ 1,60,662. 2011ರಲ್ಲಿ 1,51,102. ಹತ್ತು ವರ್ಷದಲ್ಲಿ ಒಂಬತ್ತೂವರೆ ಸಾವಿರ ಜನ ಕಡಿಮೆ! ಅದೇ ಹತ್ತು ವರ್ಷದಲ್ಲಿ ಪಕ್ಕದ ಶಿವಮೊಗ್ಗ 2,74,352ರಿಂದ 3,22,650ಕ್ಕೆ ಏರಿತು. ನಮ್ಮ ದೇಶದಲ್ಲಿ ಊರುಗಳು ಬೆಳೆಯುತ್ತವೆ, ಕುಗ್ಗುವುದಿಲ್ಲ ಅಂತ ನಂಬಿದವರಿಗೆ ಇದು ಅರಗದ ತುತ್ತು.

ಗಮನಿಸಿ, ಇದು ಕಾಗದದ ಕಾರ್ಖಾನೆ ಮುಚ್ಚುವುದಕ್ಕೂ ಮುಂಚಿನ ಲೆಕ್ಕ. 1936ರಲ್ಲಿ ಸ್ಥಾಪನೆಯಾದ ಎಂ.ಪಿ.ಎಂ. ಉತ್ಪಾದನೆ ನಿಂತದ್ದು 2015ರಲ್ಲಿ. ನಾಡಿನ ಪತ್ರಿಕೆಗಳಿಗೆ ಕಾಗದ ಕೊಟ್ಟ ಕಾರ್ಖಾನೆ ಅದು. ಅದರ ಸಾವಿನ ಸುದ್ದಿ ಬೇರೆ ಕಡೆಯ ಕಾಗದದ ಮೇಲೆ ಅಚ್ಚಾಯಿತು. ಜೊತೆಗಿದ್ದ ಸಕ್ಕರೆ ಘಟಕವೂ ಹೋಯಿತು, ಕಬ್ಬು ಬೆಳೆಯುತ್ತಿದ್ದ ರೈತ ಬೇರೆ ಬೆಳೆಗೆ ತಿರುಗಿದ.

ಇನ್ನು ವಿ.ಐ.ಎಸ್.ಎಲ್. ಬೆಂಕಿಪುರ ಅಂತಿದ್ದ ಹಳೇ ಊರಿನಲ್ಲಿ 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ ಕಾರ್ಖಾನೆ, ವಿಶ್ವೇಶ್ವರಯ್ಯನವರ ಕನಸಿನ ಕೂಸು. ಒಂದು ಕಾಲಕ್ಕೆ ಕೆಮ್ಮಣ್ಣುಗುಂಡಿಯ ಅದಿರು ಬರುತ್ತಿತ್ತು. ಈಗ ಅದಿಲ್ಲ. ಸ್ವಂತ ಗಣಿ ಇಲ್ಲದ ಉಕ್ಕಿನ ಕಾರ್ಖಾನೆ ಅಂದರೆ ಅಕ್ಕಿ ಕೊಂಡು ತಂದು ಹೋಟೆಲು ನಡೆಸಿದ ಹಾಗೆ ಅಂತ ಯಾರಾದರೂ ಹೇಳಬಹುದು. ನಡೆಸಬಹುದು, ಆದರೆ ಪಕ್ಕದಲ್ಲಿ ಸ್ವಂತ ಗದ್ದೆ ಇರುವವನ ಹೋಟೆಲು ಇರಬಾರದು. 2016ರಲ್ಲಿ ಮಾರುವ ಪಟ್ಟಿಗೆ ಸೇರಿಸಿದರು. 2019ರಲ್ಲಿ ಕೊಳ್ಳುವವರನ್ನು ಕರೆದರು. ಮುಂದುವರಿಯಲು ಸಾಕಷ್ಟು ಆಸಕ್ತಿ ಕಾಣಲಿಲ್ಲ, 2022ರಲ್ಲಿ ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವುದೆಂದು ಸೈಲ್ ತೀರ್ಮಾನ ಮಾಡಿತು. ಮರುತಿಂಗಳೇ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆ. ಹೇಗಿದೆ ನೋಡಿ! ಕಾರ್ಮಿಕರು ಧರಣಿ ಕೂತರು, ಊರು ಬಂದ್ ಆಯಿತು, ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಆ ಹೊತ್ತಿಗೆ ಖಾಯಂ ನೌಕರರು ಉಳಿದಿದ್ದದ್ದು ಮುನ್ನೂರರ ಒಳಗೆ. ಸಾವಿರದ ಮುನ್ನೂರರಷ್ಟು ಜನ ಗುತ್ತಿಗೆಯವರು.

ಈ ಖಾಯಂ-ಗುತ್ತಿಗೆ ವ್ಯತ್ಯಾಸ ಏನು ಅಂತ ಕಿರಾಣಿ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಖಾಯಂ ನೌಕರನಿಗೆ ತಿಂಗಳ ಸಾಲದ ಪುಸ್ತಕ ತೆರೆಯಬಹುದು. ಈ ತಿಂಗಳು ಎಷ್ಟು ದಿನ ಕೆಲಸ ಸಿಕ್ಕೀತು ಅಂತ ತನಗೇ ಗೊತ್ತಿಲ್ಲದವನಿಗೆ ಯಾವ ಧೈರ್ಯದ ಮೇಲೆ ಕೊಡ್ತೀರಿ? ಕೆಲಸ ಎಷ್ಟು ಹೋಯಿತು ಅಂತ ಎಣಿಸುವವರು ಈ ಪುಸ್ತಕಗಳನ್ನೂ ಎಣಿಸಬೇಕು.

ಹಾಗಾದರೆ ನಗರಸಭೆಯ ಆದಾಯ? ಇಲ್ಲಿ ಸ್ವಲ್ಪ ಎಚ್ಚರ ಬೇಕು. ಹಿಂದೆ ಆಕ್ಟ್ರಾಯ್ ಇತ್ತು, ಊರೊಳಕ್ಕೆ ಸರಕು ಬಂದರೆ ಊರಿಗೆ ಕಾಸು. 1979ರಲ್ಲಿ ರಾಜ್ಯದಲ್ಲಿ ಅದನ್ನು ತೆಗೆದರು. ಈಗ ನೀವು ಕಟ್ಟುವ ಜಿ.ಎಸ್.ಟಿ. ಬೆಂಗಳೂರಿಗೆ, ದೆಹಲಿಗೆ. ನಗರಸಭೆಗೆ ಉಳಿದದ್ದು ಆಸ್ತಿ ತೆರಿಗೆ, ನೀರಿನ ಕಂದಾಯ, ಲೈಸೆನ್ಸ್ ಶುಲ್ಕ, ಮಳಿಗೆ ಬಾಡಿಗೆ, ಸರ್ಕಾರದ ಅನುದಾನ. ಆಸ್ತಿ ತೆರಿಗೆ ಕಟ್ಟಡಕ್ಕೆ, ವ್ಯಾಪಾರಕ್ಕಲ್ಲ. ಬಾಗಿಲು ಹಾಕಿದ ಅಂಗಡಿಗೂ ಡಿಮ್ಯಾಂಡ್ ಬರುತ್ತದೆ. ಆದ್ದರಿಂದ ಊರು ಸೊರಗಿದ್ದು ಮೊದಲು ಗಲ್ಲಾಪೆಟ್ಟಿಗೆಯಲ್ಲಿ ಕಾಣುತ್ತದೆ, ನಗರಸಭೆಯ ಲೆಕ್ಕದಲ್ಲಿ ಕಟ್ಟಕಡೆಗೆ, ಅದೂ ಬಾಕಿಯ ಕಲಂನಲ್ಲಿ. ಅಲ್ಲಿಯತನಕ "ಆದಾಯ ಚೆನ್ನಾಗಿದೆ" ಅಂತ ಬಜೆಟ್ ಓದಬಹುದು. ವಾರ್ಡುವಾರು ಬೇಡಿಕೆ, ವಸೂಲಿ, ಬಾಕಿ ಇಷ್ಟನ್ನು ನಗರಸಭೆ ತನ್ನ ಗೋಡೆಗೆ ಅಂಟಿಸಲಿ, ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಎಲ್ಲಾ ಮುಗೀತು ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ. ಭದ್ರಾ ನಾಲೆ ಇದೆ, ಭತ್ತ ಇದೆ, ಅಡಿಕೆ ಇದೆ. ಬೆಳಗಿನ ಹೊತ್ತು ಶಿವಮೊಗ್ಗ ಬಸ್ಸು ಹತ್ತಿ ನೋಡಿ, ನಿಲ್ಲುವುದಕ್ಕೆ ಜಾಗ ಇರಲ್ಲ. ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಆಸ್ಪತ್ರೆ, ಕಾಲೇಜು, ಅಂಗಡಿ ಕೆಲಸದವರು. ಇವರೆಲ್ಲ ಮನೆ ಬಿಟ್ಟಿಲ್ಲ, ಆದರೆ ಸಂಬಳದ ಒಂದು ಪಾಲು ಅಲ್ಲೇ ಖರ್ಚಾಗಿ ಬರುತ್ತದೆ. ಊರು ಸತ್ತಿಲ್ಲ, ಮಲಗುವ ಊರಾಗ್ತಾ ಇದೆ.

2021ರಲ್ಲಿ ಆಗಬೇಕಿದ್ದ ಗಣತಿ ಆಗದೆ 2027ಕ್ಕೆ ಹೋಯಿತು. ಹಣಕಾಸು ಆಯೋಗಗಳು ಅನುದಾನ ಹಂಚುವಾಗ ತಲೆ ಎಣಿಸುತ್ತವೆ. ಬೆಂಗಳೂರಿನ ರೂಮಿನಲ್ಲಿರುವ ಹುಡುಗನ ಹೆಸರನ್ನು ಗಣತಿದಾರ ಬರೆದುಕೊಳ್ಳುವುದು ಅಲ್ಲೇ, ಅಪ್ಪನ ಕ್ವಾರ್ಟರ್ಸಿನಲ್ಲಿ ಅಲ್ಲ.